ಬ್ಯಾಟರಿ ಗರಗಸ: ಮೊದಲು ಹಲಗೆ ಕೂರಿಸಿ, ಆಮೇಲೆ ಸ್ವಿಚ್ ಒತ್ತಿ

ದುಂಡು ಬ್ಲೇಡಿನ ಬ್ಯಾಟರಿ ಗರಗಸ ಕೊಂಡವರೆಲ್ಲ ಮೊದಲು ಕೇಳುವುದು ಎಷ್ಟು ವೋಲ್ಟ್ ಅಂತ. ಹಲಗೆಯನ್ನು ಯಾವುದರ ಮೇಲೆ ಇಡಬೇಕು ಅಂತ ಯಾರೂ ಕೇಳುವುದಿಲ್ಲ. ನಾನು ಕಣ್ಣಾರೆ ಕಂಡ ಎಡವಟ್ಟುಗಳಲ್ಲಿ ಹೆಚ್ಚಿನವು ಆಗಿದ್ದು ಮಾತ್ರ ಅಲ್ಲೇ.

ವೋಲ್ಟ್ ವಿಷಯ ಈಗಲೇ ಮುಗಿಸಿಬಿಡೋಣ. 18 ವೋಲ್ಟ್ ಮತ್ತು '20 ವೋಲ್ಟ್ ಮ್ಯಾಕ್ಸ್' ಎರಡೂ ಒಂದೇ. ಎರಡರಲ್ಲೂ ಸಾಲಾಗಿ ಜೋಡಿಸಿದ್ದು ಐದೇ ಸೆಲ್. ಒಂದು ಕಂಪನಿಯವರು ಸೆಲ್ಲಿಗೆ 3.6 ವೋಲ್ಟ್ ಲೆಕ್ಕ ಹಿಡಿಯುತ್ತಾರೆ, ಇನ್ನೊಂದು ಕಂಪನಿಯವರು ಫುಲ್ ಚಾರ್ಜ್ ಆದಾಗಿನ ಸುಮಾರು 4 ವೋಲ್ಟ್ ಲೆಕ್ಕ ಹಿಡಿಯುತ್ತಾರೆ. ಆ ಎರಡು ವೋಲ್ಟಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಇನ್ನು ಕೆಲಸಕ್ಕೆ ಬರೋಣ. ಬ್ಲೇಡ್ ಬದಲಿಸುವಾಗ, ಆಳ ಹೊಂದಿಸುವಾಗ ಬ್ಯಾಟರಿ ಹೊರಗಿರಬೇಕು. ವೈರ್ ಇದ್ದ ಗರಗಸದಲ್ಲಿ ಪ್ಲಗ್ ಕಣ್ಣಿಗೆ ಬೀಳುತ್ತಿತ್ತು, ಕಿತ್ತಿಡುತ್ತಿದ್ದೆವು. ಇದರಲ್ಲಿ ನೆನಪಿಸಲು ಏನೂ ಇಲ್ಲ, ಅದಕ್ಕೇ ಮರೆಯುತ್ತೇವೆ. ಬ್ಲೇಡಿನ ಮೇಲಿನ ಬಾಣ ಮತ್ತು ಗಾರ್ಡ್ (ಬ್ಲೇಡನ್ನು ಮುಚ್ಚುವ ಕವಚ) ಮೇಲಿನ ಬಾಣ ಒಂದೇ ಕಡೆ ತೋರಿಸಬೇಕು, ಅಷ್ಟೇ.

ಆಳ ಹೊಂದಿಸಲು ಗರಗಸವನ್ನು ಹಲಗೆಯ ಅಂಚಿಗೆ ಆನಿಸಿ ನೋಡಿ. ಬ್ಲೇಡಿನ ಹಲ್ಲು ಹಲಗೆಯ ಕೆಳಗೆ ಅರ್ಧ ಸೆಂಟಿಮೀಟರ್ ಇಣುಕಿದರೆ ಸಾಕು. ಪೂರ್ತಿ ಇಳಿಸಿದರೆ ಬೇಗ ಕುಯ್ಯುತ್ತೆ ಅನ್ನುವುದು ಸುಳ್ಳು. ಮರದೊಳಗೆ ಬ್ಲೇಡ್ ಜಾಸ್ತಿ ಸಿಕ್ಕಿಕೊಂಡಷ್ಟೂ ಹಿಡಿದುಕೊಳ್ಳುವ ಅಪಾಯ ಜಾಸ್ತಿ.

ಈಗ ಎಲ್ಲರೂ ಎಡವುವ ಜಾಗ. ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು, ಸರಿಯಾಗಿ ನಡುವೆ ಕುಯ್ಯಲು ಶುರು ಮಾಡುತ್ತಾರೆ. ಮೊದಲರ್ಧ ಬೆಣ್ಣೆಯ ಹಾಗೆ ಹೋಗುತ್ತದೆ. ಕೊನೆ ಹತ್ತಿರ ಬಂದಂತೆ ಎರಡೂ ತುಂಡು ತಮ್ಮ ಭಾರಕ್ಕೆ ನಡುವೆ ಕುಸಿಯುತ್ತವೆ, ಕುಯ್ದ ಸೀಳಿನ ಬಾಯಿ ಮೇಲ್ಗಡೆ ಮುಚ್ಚಿಕೊಳ್ಳುತ್ತದೆ. ಬ್ಲೇಡಿಗೆ ಇಕ್ಕಳ ಹಾಕಿದ ಹಾಗೆ. ಜುಯ್ ಅನ್ನುತ್ತಿದ್ದ ಸದ್ದು ಗೊರ್ ಅನ್ನತೊಡಗುತ್ತದೆ. ಆಗಲೇ ನಿಲ್ಲಿಸಬೇಕು. ಬದಲಿಗೆ ಇನ್ನೂ ಜೋರಾಗಿ ತಳ್ಳುತ್ತಾರೆ. ಸಿಕ್ಕಿಬಿದ್ದ ಬ್ಲೇಡ್ ತಿರುಗಲಾರದೆ ಇಡೀ ಗರಗಸವನ್ನೇ ಎತ್ತಿ, ಹಿಡಿದವರ ಕಡೆಗೆ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರುವುದಿಲ್ಲ.

ತುದಿಯ ಚಿಕ್ಕ ತುಂಡು ಕತ್ತರಿಸುವುದಾದರೆ ಗೆರೆ ಎರಡೂ ಸ್ಟೂಲುಗಳ ಆಚೆ ಇರಲಿ. ತುಂಡು ತಾನಾಗಿ ಕೆಳಗೆ ಬೀಳಲಿ, ಯಾರೂ ಹಿಡಿಯಬೇಡಿ. ಪಕ್ಕದಲ್ಲಿ ನಿಂತು ಹಿಡಿಯುವ ಸಹಾಯಕರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಸ್ವಲ್ಪ ಮೇಲೆತ್ತುತ್ತಾರೆ, ಅಷ್ಟಕ್ಕೇ ಸೀಳು ಮುಚ್ಚಿಕೊಳ್ಳುತ್ತದೆ. ದೊಡ್ಡ ಪ್ಲೈವುಡ್ ಹಾಳೆಗೆ ಸ್ಟೂಲೇ ಬೇಡ. ನೆಲದ ಮೇಲೆ ನಾಲ್ಕು ಮರದ ಪಟ್ಟಿ ಹಾಕಿ, ಗೆರೆಯ ಆಚೆ ಎರಡು, ಈಚೆ ಎರಡು. ಹಾಳೆಯನ್ನು ಅದರ ಮೇಲೆ ಮಲಗಿಸಿ. ಕುಯ್ದು ಮುಗಿದ ಮೇಲೂ ಎರಡೂ ತುಂಡು ಇದ್ದಲ್ಲೇ ಇರುತ್ತವೆ, ಕುಸಿಯಲು ಜಾಗವೇ ಇಲ್ಲ. ಚೆನ್ನಾಗಿ ಕಾಣಬೇಕಾದ ಮುಖ ಕೆಳಗಿರಲಿ. ಹಲ್ಲು ಕೆಳಗಿನಿಂದ ಮೇಲಕ್ಕೆ ಕುಯ್ಯುವುದರಿಂದ ಸಿಬಿರು ಏಳುವುದು ಮೇಲ್ಮೈಯಲ್ಲಿ.

ನಿಲ್ಲುವಾಗ ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ಸರಿಯಿರಿ. ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆಯೇ ಮರಕ್ಕೆ ತಾಗಿಸಿ. ಎರಡೂ ಕೈ ಗರಗಸದ ಮೇಲೆ. ಹಲಗೆ ಹಿಡಿಯುವುದು ಕ್ಲ್ಯಾಂಪಿನ ಕೆಲಸ, ಎಡಗೈಯದಲ್ಲ. ಸಿಕ್ಕಿಕೊಂಡರೆ ಸ್ವಿಚ್ ಬಿಡಿ, ಬ್ಲೇಡ್ ನಿಲ್ಲುವವರೆಗೆ ಅಲ್ಲಾಡಿಸಬೇಡಿ. ತಿರುಗುತ್ತಿರುವಾಗಲೇ ಹಿಂದಕ್ಕೆ ಎಳೆಯುವುದು ತಳ್ಳಿದಷ್ಟೇ ಕೆಟ್ಟದ್ದು. ಬ್ಯಾಟರಿ ತೆಗೆದು, ಸೀಳಿಗೆ ಸಣ್ಣ ಬೆಣೆ ಕೊಟ್ಟು, ಮತ್ತೆ ಶುರು ಮಾಡಿ.

ಕೆಳಗಿನ ಗಾರ್ಡ್ ಅಡ್ಡ ಬರುತ್ತೆ ಅಂತ ಅದಕ್ಕೆ ಮರದ ಚೂರು ಸಿಕ್ಕಿಸಿ ಮೇಲೇ ನಿಲ್ಲಿಸುವ 'ಟ್ರಿಕ್' ಒಂದಿದೆ. ಅಂಥವರಿಗೆ ನಾನು ನನ್ನ ಗರಗಸ ಕೊಡುವುದಿಲ್ಲ. ಗಾರ್ಡ್ ತಾನಾಗಿ ಟಪ್ ಅಂತ ಮುಚ್ಚದಿದ್ದರೆ ಒಳಗೆ ಹೊಟ್ಟು ಮೆತ್ತಿದೆ ಎಂದರ್ಥ. ಬ್ಯಾಟರಿ ತೆಗೆದು ಬ್ರಷ್ ಹಾಕಿ. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್ ಇರಲಿ. ಸಡಿಲ ಕೈಗವಸು ಬೇಡವೇ ಬೇಡ, ಬ್ಲೇಡ್ ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ.

ಬ್ಲೇಡ್ ಮೊಂಡಾಗಿದ್ದರೆ ಬ್ಯಾಟರಿ ಕಾದು ಕೆಂಡವಾಗುತ್ತದೆ. ಬ್ಯಾಟರಿ ಹೋಯ್ತು ಅಂತ ಬೈಯುವ ಮೊದಲು ಬ್ಲೇಡ್ ಬದಲಿಸಿ ನೋಡಿ. ತೆಳು ಬ್ಲೇಡ್ ಹಾಕಿದರೆ ಒಂದೇ ಚಾರ್ಜಿನಲ್ಲಿ ಜಾಸ್ತಿ ಹಲಗೆ ಕುಯ್ಯಬಹುದು.

ಬಿಸಿ ಬ್ಯಾಟರಿ ಪ್ಯಾಕನ್ನು ಹಾಗೇ ಚಾರ್ಜರಿಗೆ ಸಿಕ್ಕಿಸಬೇಡಿ. ಅಂಗೈಯಲ್ಲಿ ಹಿಡಿದಾಗ ತಣ್ಣಗೆ ಅನ್ನಿಸಲಿ. ಸೊನ್ನೆ ಡಿಗ್ರಿಗಿಂತ ಕೆಳಗೂ ಚಾರ್ಜ್ ಮಾಡಬಾರದು. ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಗಟ್ಟಿಕಟ್ಟುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ಚಾರ್ಜರ್ ಹಾಸಿಗೆ ಮೇಲೆ ಬೇಡ, ಹೊಟ್ಟಿನ ರಾಶಿಯ ಪಕ್ಕದಲ್ಲೂ ಬೇಡ. ಬಿದ್ದು ಬಿರಿದದ್ದು, ನೀರಲ್ಲಿ ನೆನೆದದ್ದು, ಉಬ್ಬಿದ್ದು, ಈ ಮೂರನ್ನೂ ಮತ್ತೆ ಚಾರ್ಜಿಗೆ ಹಾಕಲೇಬಾರದು.

ನಕಲಿ ಪ್ಯಾಕ್ ಬಗ್ಗೆ ಒಂದು ಮಾತು. ಅರ್ಧ ಬೆಲೆಗೆ ಸಿಕ್ಕಿತು ಅಂತ ನಾನೂ ಒಂದು ಕೊಂಡಿದ್ದೆ. ಮೂರನೇ ತಿಂಗಳಿಗೆ ಅದರ ಪಕ್ಕೆ ಉಬ್ಬಿ, ಗರಗಸದಿಂದ ಹೊರಗೆ ಬರಲೇ ಒಲ್ಲೆ ಅಂದಿತು. ಸೆಲ್ ಕಾದರೆ, ಪೂರ್ತಿ ಬರಿದಾದರೆ ತಡೆಯುವ ಸರ್ಕ್ಯೂಟನ್ನು ಇಂಥವುಗಳಲ್ಲಿ ನಂಬುವ ಹಾಗಿಲ್ಲ.

ತಿಂಗಳುಗಟ್ಟಲೆ ಕೆಲಸ ಇಲ್ಲದಿದ್ದರೆ ಪ್ಯಾಕಿನ ಮೇಲಿನ ನಾಲ್ಕು ದೀಪದಲ್ಲಿ ಎರಡು ಉರಿಯುವಷ್ಟು ಚಾರ್ಜ್ ಇಟ್ಟು, ಬಿಸಿಲು ಬೀಳದ ಕಡೆ ಇಡಿ. ಮೊಳೆ ಡಬ್ಬಿಯೊಳಗೆ ಮಾತ್ರ ಹಾಕಬೇಡಿ, ಎರಡು ಟರ್ಮಿನಲ್ ನಡುವೆ ಒಂದು ಮೊಳೆ ಅಡ್ಡ ಬಿದ್ದರೂ ಬೆಂಕಿಗೆ ಸಾಕು. ಸತ್ತ ಪ್ಯಾಕನ್ನು ಕಸದ ಬುಟ್ಟಿಗೆ ಎಸೆಯದೆ, ಟರ್ಮಿನಲ್ಲಿಗೆ ಟೇಪ್ ಸುತ್ತಿ ಇ-ತ್ಯಾಜ್ಯದವರ ಕೈಗೇ ಕೊಡಿ.