ಡೋಪಿಂಗ್ ಕಾಲದ ದಾಖಲೆ ಅಳಿಸಬೇಕಾ? ಮೊದಲು ಚಿಪ್ಪು ಕೇಳಿ

ಗೋಣಿಕೊಪ್ಪದ ಕಾಫಿ ಅಂಗಡಿಯಲ್ಲಿ ಹಾಕಿ ಬಿಟ್ಟು ಬೇರೆ ಆಟದ ಮಾತು ಬರುವುದೇ ಕಡಿಮೆ. ಬಂದರೆ ಜಗಳ ಗ್ಯಾರಂಟಿ. ಮೊನ್ನೆ ಮರೀಟಾ ಕೋಖ್ ವಿಷಯ ಬಂತು. ಪೂರ್ವ ಜರ್ಮನಿಯ ಈಕೆ 1985ರ ಅಕ್ಟೋಬರ್ 6ರಂದು ಕ್ಯಾನ್‌ಬೆರಾದಲ್ಲಿ 400 ಮೀಟರನ್ನು 47.60 ಸೆಕೆಂಡಿನಲ್ಲಿ ಓಡಿದ್ದರು, ಮಹಿಳೆಯರ ವಿಶ್ವದಾಖಲೆ ಅದು. 2025ರಲ್ಲಿ ಟೋಕಿಯೋದಲ್ಲಿ ಅಮೆರಿಕದ ಸಿಡ್ನಿ ಮೆಕ್‌ಲಾಫ್ಲಿನ್ 47.78ರವರೆಗೆ ಬಂದರೂ ಅದನ್ನು ಮುರಿಯಲು ಆಗಲಿಲ್ಲ. ಶಕ್ತಿ ಹೆಚ್ಚಿಸುವ ಮದ್ದು ತಗೊಂಡು ಓಡಿದ್ದು ಅಂತ ಅನುಮಾನ. "ಅಳಿಸಿ ಬಿಸಾಕಿ" ಅಂತ ಒಬ್ಬರು, "ಪ್ರೂಫ್ ಎಲ್ಲಿದೆ" ಅಂತ ಇನ್ನೊಬ್ಬರು. ಇಂಥ ವಾದಕ್ಕೆ ಕೂರುವ ಮೊದಲು ಏನೇನು ನೋಡಬೇಕು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಚಿಪ್ಪು ಕೇಳಿ. ನಮ್ಮ ಕೊಡಗಿನ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದಲ್ವಾ, ಒಂದು ವರ್ಷ ನಮ್ಮೂರಲ್ಲಿ ಕಾಯಿಗೆ ಗುಂಡು ತಾಗಿತೋ, ಇಲ್ಲಾ ಹಗ್ಗ ಕಡಿದು ಕೆಳಗೆ ಬಿದ್ದು ಒಡೆಯಿತೋ ಅಂತ ದೊಡ್ಡ ಗಲಾಟೆ. ತೀರ್ಪು ಕೊಡುವವರು ಚಿಪ್ಪು ತರಿಸಿದರು, ಬೆಳಕಿಗೆ ಹಿಡಿದರು, ಅಂಚಿನಲ್ಲಿದ್ದ ತೂತಿಗೆ ಬೆರಳಿಟ್ಟು ತೋರಿಸಿದರು. ಗಲಾಟೆ ಮುಗೀತು. ಹಿಂದಿನ ವರ್ಷದ ಕಾಯಿಯ ಮೇಲೂ ಅನುಮಾನ ಇದೆ ಅಂತ ಒಬ್ಬರು ತೆಗೆದಾಗ ಎಲ್ಲರೂ ನಕ್ಕರು. ಅದನ್ನು ಯಾವತ್ತೋ ಸಾರಿಗೆ ಹಾಕಿ ತಿಂದಾಗಿತ್ತು.

ಓಟದಲ್ಲಿ ಚಿಪ್ಪು ಅಂದರೆ ಮದ್ದಿನ ಪರೀಕ್ಷೆಗೆ ತೆಗೆದ ಮೂತ್ರ, ರಕ್ತದ ಸ್ಯಾಂಪಲ್. ಮುಂದೆ ಮತ್ತೆ ಪರೀಕ್ಷೆ ಮಾಡಲಿ ಅಂತ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅದನ್ನು ಕಾಪಿಡಲು ಶುರು ಮಾಡಿದ್ದೇ 2005ರಲ್ಲಿ. ಕೋಖ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವರಲ್ಲ. ಪೂರ್ವ ಜರ್ಮನಿ ಸರ್ಕಾರವೇ ಕ್ರೀಡಾಪಟುಗಳಿಗೆ ಮದ್ದು ಕೊಡಿಸುತ್ತಿತ್ತು ಅನ್ನುವುದು ಬರ್ಲಿನ್ ಗೋಡೆ ಬಿದ್ದ ಮೇಲೆ ಕಡತಗಳಿಂದಲೇ ಹೊರಬಂತು, ನಿಜ. ಆದರೆ ಊರು ಕೆಟ್ಟಿತ್ತು ಅನ್ನುವುದು ಬೇರೆ, ಈ ಮನೆಯವರೇ ಕದ್ದರು ಅನ್ನುವುದು ಬೇರೆ.

ಚಿಪ್ಪು ಇಲ್ಲದಿದ್ದರೆ ತಪ್ಪೊಪ್ಪಿಗೆ ಇದೆಯಾ ನೋಡಿ. ಕೆನಡಾದ ಬೆನ್ ಜಾನ್ಸನ್ 1988ರಲ್ಲಿ ಸಿಯೋಲ್‌ನಲ್ಲಿ 100 ಮೀಟರ್ ಓಡಿದ 9.79 ಸೆಕೆಂಡಿನ ದಾಖಲೆ ಸ್ಯಾಂಪಲ್‌ನಿಂದಾಗಿ ಹೋಯಿತು. 1987ರ 9.83 ಹೋಗಿದ್ದು ಅವರೇ ಬಾಯಿಬಿಟ್ಟದ್ದರಿಂದ.

ಆಮೇಲೆ, ಅಳಿಸಿದರೆ ಅದು ಯಾರ ಪಾಲಿಗೆ ಹೋಗುತ್ತದೆ ಅಂತ ಕೇಳಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ. 2025ಕ್ಕೆ ಮೊದಲು ಕೋಖ್ ಹೆಸರು ತೆಗೆದಿದ್ದರೆ ದಾಖಲೆ ಚೆಕೊಸ್ಲೊವಾಕಿಯಾದ ಯಾರ್ಮಿಲಾ ಕ್ರಾಟೊಖ್ವಿಲೊವಾಗೆ ಹೋಗುತ್ತಿತ್ತು, 1983ರ 47.99. ಅದೇ ಕಾಲ, ಅದೇ ಗುಸುಗುಸು! ಮದ್ದಿನ ಕಾರಣಕ್ಕೆ ಸೈಕಲ್ ಪಟು ಲಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಡಿ ಫ್ರಾನ್ಸ್ ಪಟ್ಟಗಳನ್ನು 2012ರಲ್ಲಿ ಕಿತ್ತುಕೊಂಡಾಗ ಎರಡನೆಯವರಿಗೆ ಕೊಡಲಿಲ್ಲ. ಆ ಜಾಗ ಖಾಲಿ ಬಿಟ್ಟರು.

ನನ್ನ ಮಟ್ಟಿಗೆ ಭರ್ಜಿ ಎಸೆತದವರು ಮಾಡಿದ್ದೇ ಸರಿ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ಹೌದು, ಆಮೇಲೆ ನಮ್ಮ ನೀರಜ್ ಚೋಪ್ರಾಗೆ ಕೋಚ್ ಆಗಿದ್ದವರೇ. 1986ರಲ್ಲಿ ಭರ್ಜಿಯ ತೂಕ ಕೂರುವ ಜಾಗ ಬದಲಾಯಿಸಿ, ಹೊಸ ಪಟ್ಟಿ ಶುರು ಮಾಡಿದರು. ಹೋನ್ ಹೆಸರಿಗೆ ಮಸಿ ಬಳಿಯಲಿಲ್ಲ, ಅವರ ದೂರ ಹಳೆ ಪಟ್ಟಿಯಲ್ಲೇ ಉಳಿಯಿತು. ಓಟಕ್ಕೂ 2005ರಿಂದ ಹೀಗೇ ಹೊಸ ಪಟ್ಟಿ ಇರಲಿ ಅಂತ ಯುರೋಪಿನ ಅಥ್ಲೆಟಿಕ್ಸ್ ಸಂಸ್ಥೆ 2017ರಲ್ಲಿ ಕೇಳಿತ್ತು. ಮ್ಯಾರಥಾನ್‌ನಲ್ಲಿ 2003ರ ತಮ್ಮ ದಾಖಲೆಯೂ ಹೋಗುತ್ತದಲ್ಲ ಅಂತ ಪೌಲಾ ರಾಡ್‌ಕ್ಲಿಫ್ ಸಿಟ್ಟಾದರು. ಅವರ ಸಿಟ್ಟು ನ್ಯಾಯವೇ. ಭರ್ಜಿ ಬದಲಾದಾಗ ಯಾರನ್ನೂ ಕಳ್ಳ ಅಂದ ಹಾಗಾಗಲಿಲ್ಲ, ಇಲ್ಲಿ ಗೆರೆ ಎಳೆದರೆ ಹಿಂದಿನವರನ್ನೆಲ್ಲ ಸುಮ್ನೆ ಕೆಣಕಿದ ಹಾಗೆ. ಆದರೂ ಒಬ್ಬೊಬ್ಬರ ಹೆಸರನ್ನೇ ಹಿಡಿದು ಅಳಿಸುವುದಕ್ಕಿಂತ ಎರಡು ಪಟ್ಟಿ ವಾಸಿ ಅಂತಲೇ ನನಗೆ ಅನಿಸುತ್ತದೆ.

ಇನ್ನೊಂದು, ಹಳೆಯದು ಅಂದ ಮಾತ್ರಕ್ಕೆ ಅನುಮಾನ ಬೇಡ. ಪಿ.ಟಿ. ಉಷಾ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದ 55.42ನ್ನು ಸರಿಗಟ್ಟಲು ನಮ್ಮ ದೇಶದವರಿಗೆ 2023 ಬರಬೇಕಾಯಿತು. "ಇಷ್ಟು ವರ್ಷ ಉಳಿದಿದೆ ಅಂದ ಮೇಲೆ ಇದೂ ಮದ್ದೇ ಅಲ್ವಾ" ಅಂತ ಅಂಗಡಿಯಲ್ಲಿ ನಾನೇ ಕೇಳಿದೆ. ಅಳಿಸಿ ಅಂದವರು ಕಾಫಿ ದುಡ್ಡು ಕೊಡಲು ಎದ್ದರು.