ರೋಬೋಟ್ ಸ್ಪರ್ಧೆಗೆ ರಟ್ಟು, ಪೆನ್ನು ಯಾಕೆ ಬೇಕು?

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಖರೀದಿ ಮಾಡುವವರನ್ನು ನೋಡಿದ್ದೀರಾ? ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾರೆ. ಬಣ್ಣ ನೋಡುತ್ತಾರೆ. ಹಸಿ ಇದೆಯಾ ಅಂತ ಹಿಚುಕುತ್ತಾರೆ. ಆಮೇಲೇ ರೇಟು. ಮಾರುವವನ ಮಾತು ಕೇಳಿ ಯಾರೂ ದುಡ್ಡು ಬಿಚ್ಚುವುದಿಲ್ಲ. ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಯಲ್ಲಿ 'ಸ್ಕೌಟಿಂಗ್' ಅನ್ನುವುದೂ ಇದೇ ಕೆಲಸ. ಬೇರೆ ತಂಡಗಳ ರೋಬೋಟ್ ಆಡುವುದನ್ನು ನೋಡಿ, ಎಣಿಸಿ, ಬರೆದುಕೊಳ್ಳುವುದು.

'ಫಸ್ಟ್ ಟೆಕ್ ಚಾಲೆಂಜ್' ಸ್ಪರ್ಧೆಯನ್ನೇ ತೆಗೆದುಕೊಳ್ಳಿ. 12 ಅಡಿ ಉದ್ದ, 12 ಅಡಿ ಅಗಲದ ಅಂಕಣ. ಕೆಂಪು ಜೋಡಿ, ನೀಲಿ ಜೋಡಿ, ಒಟ್ಟು 4 ರೋಬೋಟ್. ಮೊದಲ 30 ಸೆಕೆಂಡು ರೋಬೋಟ್ ತಾನೇ ತಾನಾಗಿ ಓಡಬೇಕು. ಆಮೇಲೆ 2 ನಿಮಿಷ ಮಕ್ಕಳು ಗೇಮ್‌ಪ್ಯಾಡ್ ಹಿಡಿದು ಓಡಿಸುತ್ತಾರೆ. ಆ ವರ್ಷದ ಆಟದಲ್ಲಿ ಕೊಟ್ಟ ವಸ್ತುಗಳನ್ನು, ಚೆಂಡು ಅನ್ನಿ, ರೋಬೋಟ್ ಗುರಿಯೊಳಗೆ ಹಾಕಿದರೆ ಅಂಕ. ಅರ್ಹತಾ ಸುತ್ತಿನಲ್ಲಿ ನಿಮ್ಮ ಜೋಡಿ ಯಾರು ಅನ್ನುವುದು ಚೀಟಿ ಎತ್ತಿದ ಹಾಗೆ, ಪ್ರತಿ ಮ್ಯಾಚಿಗೂ ಬೇರೆ. ಕೊನೆಯ ಸುತ್ತಿಗೆ ಮಾತ್ರ ಮೇಲಿನ ಸ್ಥಾನದ ತಂಡಗಳು ಜೋಡಿಯನ್ನು ತಾವೇ ಆರಿಸಿಕೊಳ್ಳಬೇಕು. ಎಲ್ಲರೆದುರು, ಅಲ್ಲೇ, ಆಗಲೇ.

ನಾನು ಹುಬ್ಬಳ್ಳಿಯಲ್ಲಿ ಬಿಡುವಿನ ಹೊತ್ತು ಕೆಲವು ಮಕ್ಕಳಿಗೆ ರೋಬೋಟ್ ಕಲಿಸುತ್ತೇನೆ. ಮೊದಲ ಸಲ ಹೋದಾಗ 22 ಕಾಲಂ ಇರುವ ಹಾಳೆ ಮಾಡಿಕೊಂಡು ಹೋಗಿದ್ದೆವು. ಮೂರನೇ ಮ್ಯಾಚಿಗೇ ಬರೆಯುವುದು ನಿಂತಿತು. ಅದೃಷ್ಟಕ್ಕೆ ಮೇಲಿನ ಸ್ಥಾನ ಸಿಕ್ಕಿತ್ತು. ಆರಿಸಿ ಅಂದಾಗ ನಮ್ಮ ನಾಯಕಿ ಕಕ್ಕಾಬಿಕ್ಕಿ. ಬೆಳಗ್ಗೆ ನಮಗೆ ಪೇಡೆ ಕೊಟ್ಟ ತಂಡದ ನಂಬರ್ ಹೇಳಿಬಿಟ್ಟಳು. ಒಳ್ಳೆಯ ಮಕ್ಕಳೇ, ಆದರೆ ಮೊದಲ ಮ್ಯಾಚಿನಲ್ಲೇ ಅವರ ರೋಬೋಟಿನ ಗಾಲಿ ಕಳಚಿ ಬಿತ್ತು. ಆ ಗಾಲಿ ಹಿಂದೆಯೂ ಎರಡು ಸಲ ಕಳಚಿತ್ತಂತೆ. ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಹಾಳೆ ಸಣ್ಣದಿರಲಿ

ಮೊದಲು ಆ ವರ್ಷದ ಆಟದ ನಿಯಮ ಓದಿ, ಅಂಕ ಎಲ್ಲೆಲ್ಲಿ ಬರುತ್ತದೆ ನೋಡಿ. ಅಷ್ಟಕ್ಕೆ ಮಾತ್ರ ಕಾಲಂ ಹಾಕಿ. ನಮ್ಮ ಈಗಿನ ಹಾಳೆಯಲ್ಲಿ ಇರುವುದು ಇಷ್ಟೇ: ಮ್ಯಾಚ್ ನಂಬರ್, ತಂಡದ ನಂಬರ್, ಕೆಂಪೋ ನೀಲಿಯೋ, ತಾನಾಗಿ ಓಡುವಾಗ ಎಷ್ಟು ಹಾಕಿತು, ಆಮೇಲೆ ಎಷ್ಟು ಹಾಕಿತು, ಎಷ್ಟು ತಪ್ಪಿತು, ಕೊನೆಯ ಗಳಿಗೆಯ ಕೆಲಸ (ಹೇಳಿದ ಜಾಗಕ್ಕೆ ಬಂದು ನಿಲ್ಲುವಂಥದ್ದು) ಮುಗಿಸಿತಾ, ಎಷ್ಟು ಸೆಕೆಂಡು ಸುಮ್ನೆ ನಿಂತಿತ್ತು. ಕೆಳಗೆ ಒಂದು ಸಾಲು ಟಿಪ್ಪಣಿ.

'ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ' ಅನ್ನುವ ಕಾಲಂ ಮಾತ್ರ ಬೇಡವೇ ಬೇಡ. ಒಬ್ಬನ 7 ಇನ್ನೊಬ್ಬಳ 4 ಆಗಿರುತ್ತದೆ. ಎಣಿಸಲು ಬರುವುದನ್ನಷ್ಟೇ ಕೇಳಿ.

ಒಬ್ಬರಿಗೆ ಒಂದೇ ರೋಬೋಟ್

4 ರೋಬೋಟಿಗೆ 4 ಮಕ್ಕಳು. ಕಣ್ಣು ತಮ್ಮ ರೋಬೋಟ್ ಬಿಟ್ಟು ಆಚೀಚೆ ಹೋಗಬಾರದು. ಪಕ್ಕದಲ್ಲಿ ಎರಡು ರೋಬೋಟ್ ಗುದ್ದಾಡಿ ಇಡೀ ಸಭಾಂಗಣ ಕೂಗಿದರೂ ಸರಿ. ಇದೇ ಕಷ್ಟದ ಭಾಗ, ನನ್ನಿಂದಲೂ ಆಗುವುದಿಲ್ಲ. ನಾಲ್ಕೈದು ಮ್ಯಾಚಿಗೊಮ್ಮೆ ಬೇರೆಯವರನ್ನು ಕೂರಿಸಿ.

ತಲೆ ಬಗ್ಗಿಸಿ ಅಂಕಿ ಬರೆಯುತ್ತಾ ಕೂತರೆ ಎರಡು ಹೊಡೆತ ತಪ್ಪಿಹೋಗುತ್ತವೆ. ಗೆರೆ ಎಳೆಯಿರಿ. ನಾಲ್ಕು ಗೆರೆ, ಐದನೆಯದು ಅಡ್ಡ. ಇದನ್ನು ನೋಡದೆಯೂ ಎಳೆಯಬಹುದು. ಮ್ಯಾಚ್ ಮುಗಿದ ಮೇಲೆ ಎಣಿಸಿ ಅಂಕಿ ಹಾಕಿದರಾಯಿತು.

ಸ್ಪರ್ಧೆಗೆ ಒಂದು ವಾರ ಮೊದಲೇ ಮ್ಯಾಚಿನ ವಿಡಿಯೊ ಹಾಕಿ ಅಭ್ಯಾಸ ಮಾಡಿಸಿ. ಇಬ್ಬರು ಒಂದೇ ರೋಬೋಟ್ ನೋಡಲಿ. ಒಬ್ಬರದು 9, ಇನ್ನೊಬ್ಬರದು 12 ಬಂದರೆ ಮಕ್ಕಳನ್ನು ಬಯ್ಯಬೇಡಿ. ಅಂಚಿಗೆ ಬಡಿದು ಒಳಗೆ ಬಿದ್ದದ್ದು ಲೆಕ್ಕಕ್ಕೆ ಬರುತ್ತಾ ಇಲ್ಲವಾ ಅಂತ ನೀವೇ ಹೇಳಿಕೊಟ್ಟಿರುವುದಿಲ್ಲ.

ಪಿಟ್‌ಗೆ ಹೋಗಿ ಮಾತಾಡಿಸಿ

ತಂಡಗಳು ರೋಬೋಟ್ ರಿಪೇರಿ ಮಾಡಿಕೊಳ್ಳುವ ಜಾಗಕ್ಕೆ ಪಿಟ್ ಅನ್ನುತ್ತಾರೆ. ಬೆಳಗ್ಗೆಯೇ ಇಬ್ಬರನ್ನು ಕಳಿಸಿ. "ನಮ್ ರೋಬೋ ಎಲ್ಲಾ ಮಾಡ್ತೈತ್ರಿ ಅಕ್ಕಾ" ಅನ್ನುತ್ತಾರೆ. ಎಲ್ಲರೂ ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಅದನ್ನು ಬರೆದುಕೊಳ್ಳಿ, ಆದರೆ ಬೇರೆ ಹಾಳೆಯಲ್ಲಿ. ಹೇಳಿದ್ದು ಮತ್ತು ನೋಡಿದ್ದು ಕಲೆಯಬಾರದು. ಪಿಟ್‌ನಲ್ಲಿ ಕೇಳಲೇಬೇಕಾದದ್ದು ಬೇರೆ: ತಾನಾಗಿ ಓಡುವಾಗ ಎಲ್ಲಿಂದ ಶುರು ಮಾಡುತ್ತದೆ, ಯಾವ ದಾರಿ ಹಿಡಿಯುತ್ತದೆ? ಜೋಡಿಯ ಎರಡೂ ರೋಬೋಟ್ ಒಂದೇ ದಾರಿ ಹಿಡಿದರೆ ಡಿಕ್ಕಿ ಖಂಡಿತ. ರೋಬೋಟಿನ ಫೋಟೊ ತೆಗೆಯುವ ಮುಂಚೆ ಕೇಳಿ. ಮಕ್ಕಳ ಹೆಸರು, ಫೋನ್ ನಂಬರ್ ಹಾಳೆಗೆ ಬೇಡ. ತಂಡದ ನಂಬರ್ ಸಾಕು.

ಒಂದು ಕಡೆ ಕೂಡಿಸುವುದು

ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಎಲ್ಲರೂ ಒಂದೇ ಶೀಟಿನಲ್ಲಿ ತುಂಬಿದರಾಯ್ತಲ್ವಾ ಅನ್ನಬಹುದು. ಹಾಗೆ ಮಾಡಬೇಡಿ. ರೋಬೋಟ್‌ಗೆ ಆಜ್ಞೆ ಹೋಗುವುದೂ ವೈಫೈ ಮೂಲಕವೇ. ಅದಕ್ಕೆ ಅಡ್ಡಿಯಾಗುತ್ತದೆ ಅಂತ ತಂಡಗಳು ತಮ್ಮದೇ ವೈಫೈ ಹಾಕಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿಲ್ಲ. ಹೀಗಾಗಿ ಹಲವು ತಂಡಗಳು ಕ್ಯೂಆರ್ ಕೋಡ್ ಬಳಸುತ್ತವೆ. ಮೊಬೈಲಿನಲ್ಲಿ ತುಂಬಿದ ಮಾಹಿತಿ ಕೋಡ್ ಆಗಿ ಪರದೆ ಮೇಲೆ ಬರುತ್ತದೆ, ಲ್ಯಾಪ್‌ಟಾಪ್ ಕ್ಯಾಮೆರಾಗೆ ತೋರಿಸಿದರೆ ಶೀಟಿಗೆ ಇಳಿಯುತ್ತದೆ. ಇಂಟರ್ನೆಟ್ ಬೇಡ. ಮೊದಲ ವರ್ಷ ಅಷ್ಟೂ ಬೇಡ. ಪರೀಕ್ಷೆಗೆ ಒಯ್ಯುವ ರಟ್ಟು, ಕಾಗದ, ಪೆನ್ನು ಸಾಕು. ಒಬ್ಬರು ಟೈಪ್ ಮಾಡಲಿ.

ತಪ್ಪು ಹಿಡಿಯಲು ಒಂದು ಸುಲಭ ದಾರಿ ಇದೆ. ನಿಮ್ಮ ಲೆಕ್ಕದ ಪ್ರಕಾರ ಕೆಂಪು ಜೋಡಿಯ ಎರಡೂ ರೋಬೋಟಿನ ಅಂಕ ಕೂಡಿಸಿ, ಪರದೆ ಮೇಲಿನ ಸ್ಕೋರಿನ ಜೊತೆ ಹೋಲಿಸಿ. ಎದುರಾಳಿ ಫೌಲ್ ಮಾಡಿದ್ದರೆ ಆ ದಂಡದ ಅಂಕ ಇವರಿಗೆ ಸೇರಿರುತ್ತದೆ, ಅದನ್ನು ಕಳೆಯಿರಿ. ಆಮೇಲೂ ಜಾಸ್ತಿ ವ್ಯತ್ಯಾಸ ಕಂಡರೆ ಯಾರೋ ಒಬ್ಬರು ಚಹಾ ಕಡೆ ನೋಡುತ್ತಿದ್ದರು ಅಂತ ಅರ್ಥ.

ಅಂಕಿ ಓದುವುದು

ಇಲ್ಲಿ ಆತುರ ಬೇಡ. ಒಂದು ರೋಬೋಟ್ ಐದು ಮ್ಯಾಚಿನಲ್ಲಿ 12, 0, 11, 0, 13 ಹಾಕಿತು ಅನ್ನಿ. ಇನ್ನೊಂದು 7, 8, 7, 7, 8. ಸರಾಸರಿ ನೋಡಿದರೆ 7.2 ಮತ್ತು 7.4, ಹೆಚ್ಚುಕಡಿಮೆ ಒಂದೇ. ಆದರೆ ಎರಡೂ ಒಂದೇ ರೋಬೋಟಾ? ಆ ಎರಡು ಸೊನ್ನೆ ಯಾಕೆ ಬಂತು ಅಂತ ಟಿಪ್ಪಣಿ ನೋಡಿ. 'ಬ್ಯಾಟರಿ ವೈರ್ ಸಡಿಲ' ಅಂತಿದ್ದರೆ ಪಿಟ್‌ಗೆ ಓಡಿ, ಸರಿಯಾಯ್ತಾ ಕೇಳಿ. ಆಗಿದ್ದರೆ ನಿಮ್ಮ ಕೈಯಲ್ಲಿರುವುದು 12 ಹಾಕುವ ರೋಬೋಟ್. ಇಲ್ಲದಿದ್ದರೆ 7 ಹಾಕುವುದೇ ವಾಸಿ.

ಕೆಲವರು 'ಒಪಿಆರ್' (ಆಫೆನ್ಸಿವ್ ಪವರ್ ರೇಟಿಂಗ್) ಅನ್ನುವ ಲೆಕ್ಕ ನೋಡುತ್ತಾರೆ. ಒಂದು ಉದಾಹರಣೆ ನೋಡಿ. ಗಿರ್ಮಿಟ್, ಮಿರ್ಚಿ ಸೇರಿ 50 ರೂಪಾಯಿ. ಮಿರ್ಚಿ, ಚಹಾ 35. ಗಿರ್ಮಿಟ್, ಚಹಾ 45. ಹಾಗಾದರೆ ಗಿರ್ಮಿಟ್ 30, ಮಿರ್ಚಿ 20, ಚಹಾ 15 ಅಂತ ಬಿಡಿಸಬಹುದಲ್ಲ? ಹಾಗೆಯೇ ಜೋಡಿಗಳ ಸ್ಕೋರಿನಿಂದ ಒಂದೊಂದು ರೋಬೋಟಿನ ಪಾಲನ್ನು ಅಂದಾಜು ಮಾಡುವುದು. ಆದರೆ ರೋಬೋಟ್ ಗಿರ್ಮಿಟ್ ಅಲ್ಲ, ಪ್ರತಿ ಸಲ ಒಂದೇ ರೇಟು ಇರುವುದಿಲ್ಲ. ಐದಾರು ಮ್ಯಾಚಿನ ಮೇಲೆ ಮಾಡಿದ ಅಂದಾಜನ್ನು ಕಣ್ಣಾರೆ ಎಣಿಸಿದ ಹಾಳೆಗಿಂತ ಹೆಚ್ಚು ನಂಬಬೇಡಿ.

ಹಂಚಿಕೊಳ್ಳಿ

ನಾಲ್ಕು ಮಂದಿ ಇರುವ ತಂಡಕ್ಕೆ ಈ ಕೆಲಸ ಆಗದು. ಇಬ್ಬರು ಓಡಿಸಲು ಹೋದರೆ ನೋಡುವವರು ಯಾರು? ಎರಡು ಸಣ್ಣ ತಂಡ ಸೇರಿಕೊಳ್ಳಿ. ನಾವು ಕಳೆದ ಸಲ ಗದಗಿನ ಮಕ್ಕಳ ಜೊತೆ ಹಾಗೆ ಮಾಡಿದೆವು. ಕೆಂಪು ಅವರು, ನೀಲಿ ನಾವು. ಅವರ ಹಾಳೆ ನಮಗಿಂತ ಚೊಕ್ಕ ಇತ್ತು, ಒಪ್ಪಿಕೊಳ್ಳಲೇಬೇಕು. ಎಣಿಕೆಯನ್ನು ಯಾರು ಕೇಳಿದರೂ ಕೊಡಿ. ಯಾರನ್ನು ಮೊದಲು ಆರಿಸಬೇಕು ಅನ್ನುವ ಪಟ್ಟಿ ಮಾತ್ರ ನಿಮ್ಮದು, ಜೇಬಿನಲ್ಲಿರಲಿ. ಹಂಚುವ ಹಾಳೆಯಲ್ಲಿ 'ಡಬ್ಬಾ ರೋಬೋಟ್' ಅಂತೆಲ್ಲ ಬರೆದಿದ್ದರೆ ಮೊದಲು ಅಳಿಸಿ. '3 ಸಲ ನಿಂತಿತು' ಅಂದರೆ ಸಾಕು, ಆ ತಂಡದವರೇ ಬಂದು ಯಾವ ಮ್ಯಾಚಿನಲ್ಲಿ ಅಂತ ಕೇಳುತ್ತಾರೆ.

ಮರುವರ್ಷ ಆಟವೇ ಬದಲಾಗುತ್ತದೆ, ಹಳೆಯ ಅಂಕಿ ರದ್ದಿಗೆ. ಖಾಲಿ ಹಾಳೆಯ ಒಂದು ಪ್ರತಿ ಮಾತ್ರ ಎತ್ತಿಡಿ. ಯಾವ ಕಾಲಂ ಯಾರೂ ತುಂಬಲಿಲ್ಲ ಅಂತ ಅದರ ಮೇಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ.