ಚಡ್ಡಿ ಹಾಕಿಕೊಳ್ಳಲು ಕಲಿಸಬೇಕೇ? ಕೊನೆಯಿಂದ ಶುರುಮಾಡಿ

ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳ ಮನೆಗೆ ಹೋದಾಗ ನಾನು ಮೊದಲು ಕೇಳುವುದು, ‘ಚಡ್ಡಿ ಯಾರು ಹಾಕ್ತಾರೆ?’ ಎಂದು. ಹತ್ತು ವರ್ಷದ ಮಗುವಿಗೂ ಅಮ್ಮನೇ ಹಾಕುತ್ತಿರುತ್ತಾರೆ. ವ್ಯಾನ್ ಬರುತ್ತೆ, ಟೈಮಿಲ್ಲ. ಕಲಿಸಿ ನೋಡಿದ್ದೀರಾ ಎಂದರೆ, ‘ಅಯ್ಯೋ, ಎಷ್ಟು ಹೇಳಿದ್ರೂ ತಲೆಗೇ ಹೋಗಲ್ಲ ಮೇಡಂ’ ಎನ್ನುತ್ತಾರೆ. ಆ ಹೇಳುವುದರಲ್ಲೇ ಇರುವುದು ತೊಂದರೆ. ಇದು ಕೈಗೆ ಕಲಿಸುವ ಕೆಲಸ, ಕಿವಿಗಲ್ಲ.

ಅಕ್ಷರ ಕಲಿಸಿಕೊಡಿ, ಹೆಸರು ಬರೆಯುವಂತಾದರೆ ಸಾಕು ಎಂದು ಕೇಳುವವರೇ ಜಾಸ್ತಿ. ಅಕ್ಷರ ಬೇಡ ಎನ್ನುವುದಿಲ್ಲ. ಆದರೆ ಮೊದಲು ಚಡ್ಡಿ, ಊಟ, ಸ್ನಾನ, ಕಕ್ಕಸು. ಮಗುವಿಗೆ ಹದಿನೈದಾಗುವ ಹೊತ್ತಿಗೆ ಅಮ್ಮನ ಸೊಂಟ ಮೊದಲಿನಂತೆ ಇರುವುದಿಲ್ಲ. ಆ ವಯಸ್ಸಿನಲ್ಲಿ ಇನ್ನೊಬ್ಬರ ಕೈಯಿಂದ ಬಟ್ಟೆ ಹಾಕಿಸಿಕೊಳ್ಳುವುದು ಮಗುವಿನ ಮರ್ಯಾದೆಗೂ ಸುರಕ್ಷತೆಗೂ ಒಳ್ಳೆಯದಲ್ಲ, ಅಲ್ವಾ?

ಹಂತ 1: ಸಾಮಾನು

ಎಲಾಸ್ಟಿಕ್ ಚಡ್ಡಿ, ಅಳತೆಗಿಂತ ಒಂದು ಸೈಜ್ ದೊಡ್ಡದು. ಪಾದ ನೆಲಕ್ಕೆ ತಾಗುವಷ್ಟು ಎತ್ತರದ ಸ್ಟೂಲ್. ಮುಗಿಯಿತು.

ಗುಂಡಿ, ಜಿಪ್ಪು, ಲಾಡಿ ಎಲ್ಲ ಒಂದೇ ಹಲಗೆಯಲ್ಲಿ ಹೊಲಿದಿರುವ ದುಬಾರಿ ಆಟಿಕೆ ಬರುತ್ತದೆ. ತೆಗೆದುಕೊಳ್ಳಬೇಡಿ. ಹಲಗೆಯ ಮೇಲೆ ಜಿಪ್ಪು ಎಳೆಯಲು ಕಲಿತ ಮಗು ತನ್ನ ಮೈಮೇಲಿನ ಜಿಪ್ಪನ್ನೂ ಎಳೆಯುತ್ತದೆ ಎನ್ನುವಂತಿಲ್ಲ. ಈ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಕಷ್ಟ. ಹಾಗಾಗಿ ನಿಜವಾದ ಚಡ್ಡಿ, ನಿಜವಾದ ಹೊತ್ತಿನಲ್ಲಿ, ಬಟ್ಟೆ ಬದಲಿಸುವ ಜಾಗದಲ್ಲೇ ಕಲಿಸಿ.

ಹಂತ 2: ಕೆಲಸವನ್ನು ತುಂಡು ಮಾಡಿ

ನೀವೇ ಒಮ್ಮೆ ನಿಧಾನವಾಗಿ ಹಾಕಿಕೊಂಡು ನೋಡಿ. ಚಡ್ಡಿಯ ಮುಂಭಾಗ ಗುರುತಿಸುವುದು, ಕೂತು ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿಯುವುದು, ಒಂದು ಕಾಲು, ಇನ್ನೊಂದು ಕಾಲು, ಮಂಡಿವರೆಗೆ ಎಳೆಯುವುದು, ಎದ್ದು ನಿಲ್ಲುವುದು, ತೊಡೆವರೆಗೆ ಎಳೆಯುವುದು, ಕುಂಡೆ ದಾಟಿಸಿ ಸೊಂಟಕ್ಕೆ ತರುವುದು. ನಮಗೆ ಅರ್ಧ ನಿಮಿಷದ ಒಂದು ಕೆಲಸ. ಮಗುವಿಗೆ ಎಂಟು ಕೆಲಸ.

ಹಂತ 3: ಕೊನೆಯ ಎಳೆತ ಮಗುವಿನದು

ಎಂಟರಲ್ಲಿ ಏಳು ನೀವೇ ಮಾಡಿ. ಚಡ್ಡಿ ಸೊಂಟಕ್ಕಿಂತ ಎರಡು ಬೆರಳು ಕೆಳಗಿರುವಾಗ ನಿಲ್ಲಿಸಿ. ಆ ಎರಡು ಬೆರಳಿನಷ್ಟನ್ನು ಮಗು ಎಳೆಯಲಿ. ಅಷ್ಟೇ ಇವತ್ತಿನ ಪಾಠ.

ಇದೇನು ತಲೆಕೆಳಗು ಎಂದು ಅಪ್ಪಂದಿರು ನಗುತ್ತಾರೆ. ಮೊದಲಿಂದ ಕಲಿಸಿದರೆ ಏನಾಗುತ್ತದೆ ನೋಡಿ. ಮಗು ಕಷ್ಟಪಟ್ಟು ಒಂದು ಕಾಲು ತೂರಿಸುತ್ತದೆ. ಉಳಿದದ್ದನ್ನು ಅಮ್ಮ ಬರಬರ ಎಳೆದು ಮುಗಿಸುತ್ತಾರೆ. ಕೆಲಸ ಮುಗಿಸಿದವರು ಅಮ್ಮ. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಮುಗಿಸುವುದು ಮಗುವೇ. ಎಳೆಯಿತು, ಚಡ್ಡಿ ಹಾಕಿ ಆಯ್ತು, ಭೇಷ್ ಅನ್ನಿಸಿಕೊಂಡಿತು, ಆಟಕ್ಕೆ ಓಡಿತು.

ಮೂರು ದಿನ ಸತತವಾಗಿ ಯಾರ ಸಹಾಯವಿಲ್ಲದೆ ಎಳೆದರೆ, ಮುಂದೆ ಕುಂಡೆಯ ಮಧ್ಯಕ್ಕೆ ನಿಲ್ಲಿಸಿ. ಇಲ್ಲಿ ಬಹಳ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡು ಕೈಯನ್ನೂ ಮುಂದೆಯೇ ಇಟ್ಟು ಎಳೆಯುತ್ತಾರೆ, ಹಿಂದುಗಡೆ ಚಡ್ಡಿ ಕುಂಡೆಗೆ ಸಿಕ್ಕಿಕೊಂಡು ಮೇಲೆ ಬರುವುದೇ ಇಲ್ಲ. ಎರಡೂ ಹೆಬ್ಬೆರಳನ್ನು ಪಕ್ಕದಿಂದ ಎಲಾಸ್ಟಿಕ್ ಒಳಗೆ ತೂರಿಸಿ, ಪಟ್ಟಿಯ ಗುಂಟ ಹಿಂದಕ್ಕೆ ಸರಿಸಿ, ಆಮೇಲೆ ಮೇಲಕ್ಕೆ ಎಳೆಸಿ. ಇದು ಬಂದರೆ ತೊಡೆ, ಮಂಡಿ ಬೇಗ ಬರುತ್ತವೆ.

ಹಂತ 4: ನಿಮ್ಮ ಕೈ ತೆಗೆಯುವುದು

ಜನ ಎಡವುವುದು ಇಲ್ಲೇ. ಸಹಾಯ ಮಾಡಲು ಎಲ್ಲರಿಗೂ ಬರುತ್ತದೆ, ನಿಲ್ಲಿಸಲು ಬರುವುದಿಲ್ಲ.

ಮಗುವಿನ ಎದುರು ನಿಲ್ಲಬೇಡಿ. ಹಿಂದೆ ನಿಲ್ಲಿ, ನಿಮ್ಮ ಕೈಯೂ ಅದರ ಕೈಯೂ ಒಂದೇ ದಿಕ್ಕಿನಲ್ಲಿ ಹೋಗುವ ಹಾಗೆ. ಮೊದಲು ನಿಮ್ಮ ಕೈ ಮಗುವಿನ ಕೈಯ ಮೇಲೆ. ಅದರ ಬೆರಳು ತಾನೇ ಬಿಗಿ ಹಿಡಿಯತೊಡಗಿದ್ದು ಗೊತ್ತಾದ ಕೂಡಲೇ ಮಣಿಕಟ್ಟಿಗೆ ಸರಿಯಿರಿ. ಆಮೇಲೆ ಮೊಣಕೈ. ಆಮೇಲೆ ಮೊಣಕೈಗೆ ಸುಮ್ನೆ ಒಂದು ಸ್ಪರ್ಶ. ಆಮೇಲೆ ಬೆರಳು ತೋರಿಸುವುದು. ಕೊನೆಗೆ ಏನೂ ಇಲ್ಲ.

ಈ ಪಟ್ಟಿಯಲ್ಲಿ ಮಾತು ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಕೈ ಸಹಾಯವನ್ನು ಮೆಲ್ಲಗೆ ಕಡಿಮೆ ಮಾಡಬಹುದು, ಮಾತನ್ನು ಕಡಿಮೆ ಮಾಡುವುದು ಕಷ್ಟ. ‘ಎಳಿ ಪುಟ್ಟಾ, ಎಳಿ, ಮೇಲೆ ಎಳಿ’ ಎಂದು ಹತ್ತು ಸಲ ಹೇಳುತ್ತಾ ಹೋದರೆ, ಮೊದಲ ಒಂಬತ್ತು ಸಲ ಕೇಳಿಸಿಕೊಳ್ಳಬೇಕಿಲ್ಲ ಎಂದು ಮಗು ಕಲಿಯುತ್ತದೆ. ಅಥವಾ ಆ ಧ್ವನಿ ಬರದೆ ಕೈ ಎತ್ತದಂತಾಗುತ್ತದೆ. ‘ಚಡ್ಡಿ ಹಾಕ್ಕೋ’ ಎಂದು ಒಂದೇ ಒಂದು ಸಲ ಹೇಳಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಮಕ್ಕಳಿಗೆ ಕೇಳಿದ್ದು ಕೈಗೆ ಇಳಿಯಲು ಹೊತ್ತು ಬೇಕು. ಆರು ಎಣಿಸುವಷ್ಟರಲ್ಲಿ ನಿಮ್ಮ ಬಾಯಿ ತಾನಾಗಿಯೇ ತೆರೆಯುತ್ತದೆ, ತಡೆದುಕೊಳ್ಳಿ. ಹತ್ತಾದರೂ ಶುರುವಾಗದಿದ್ದರೆ ಮಾತಿಲ್ಲದೆ ಕೈ ಹಿಡಿದು ಮಾಡಿಸಿ. ತಪ್ಪಿದರೂ ಅಷ್ಟೇ. ‘ಹಾಗಲ್ಲ’ ಎನ್ನಬೇಡಿ, ಕೈಯನ್ನು ಸರಿಯಾದ ಜಾಗಕ್ಕೆ ತನ್ನಿ.

ಹೊಗಳುವಾಗ ಮಾತ್ರ ಧಾರಾಳವಾಗಿ ಮಾತಾಡಿ, ತಕ್ಷಣ ಮಾತಾಡಿ. ಬರೀ ‘ಗುಡ್ ಬಾಯ್’ ಸಾಲದು. ‘ಚಡ್ಡಿ ಮೇಲಕ್ಕೆ ಎಳ್ಕೊಂಡೆ, ಭೇಷ್!’ ಎನ್ನಿ. ಚಾಕೊಲೇಟ್ ಕೊಡಬೇಡಿ. ಒಂದು ಸಲ ಶುರುವಾದರೆ ಅದಿಲ್ಲದೆ ಚಡ್ಡಿ ಏರುವುದಿಲ್ಲ, ಹಲ್ಲೂ ಹಾಳು. ಎತ್ತಿ ಒಂದು ಸುತ್ತು ತಿರುಗಿಸಿ, ಇಷ್ಟದ ಹಾಡು ಹಾಕಿ.

ಬೆಳಿಗ್ಗೆ ಅವಸರವಿದ್ದರೆ ಪಾಠ ಸಂಜೆಗಿರಲಿ. ಆದರೆ ಎಷ್ಟೇ ಅವಸರವಿದ್ದರೂ ಕೊನೆಯ ಎಳೆತವನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ. ಭಾನುವಾರ ಒಂದು ಗಂಟೆ ಕೂರಿಸಿ ಕಲಿಸುವುದಕ್ಕಿಂತ ದಿನಕ್ಕೆ ಎರಡು ಸಲ ಎರಡೆರಡು ನಿಮಿಷ ಮೇಲು.

ಹಂತ 5: ಮನೆಮಂದಿಗೆಲ್ಲ ಒಂದೇ ಪದ್ಧತಿ

‘ಪಾಪ ಮಗು, ಯಾಕೆ ಗೋಳು ಹುಯ್ಕೊಳ್ತೀಯಮ್ಮ’ ಎಂದು ಅಜ್ಜಿ ಬಂದು ಚಡ್ಡಿ ಏರಿಸಿಬಿಡುತ್ತಾರೆ. ಅಜ್ಜಿಯ ಜೊತೆ ಜಗಳ ಬೇಡ. ‘ಅತ್ತೆ, ಇವನು ಎಳ್ಕೊಂಡ ಮೇಲೆ ಭೇಷ್ ಹೇಳೋದು ನಿಮ್ಮ ಕೆಲಸ. ನೀವು ಹೇಳಿದ್ರೇನೇ ಅವನಿಗೆ ಖುಷಿ’ ಎನ್ನಿ. ಗುರುತು ಹಾಕುವುದನ್ನೂ ಅವರಿಗೇ ಕೊಡಿ. ಗೋಡೆ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ, ಕೈ ಹಿಡಿದು ಮಾಡಿಸಿದರೆ ‘ಕೈ’, ಬೆರಳು ತೋರಿಸಿದರೆ ‘ಬೆ’, ತಾನೇ ಮಾಡಿದರೆ ‘ತಾ’.

ಅಣ್ಣನನ್ನೋ ಅಕ್ಕನನ್ನೋ ಮೇಷ್ಟ್ರು ಮಾಡಬೇಡಿ. ಅವರೂ ಮಕ್ಕಳು. ಕಲಿಸುವ ಅಮ್ಮನಿಗೂ ವಾರಕ್ಕೊಂದು ದಿನ ಪೂರ್ತಿ ರಜೆ ಬೇಕು. ಅವತ್ತು ಅಪ್ಪ ಮಾಡಲಿ, ಇದೇ ಪದ್ಧತಿಯಲ್ಲಿ.

‘ಏನಾದ್ರೂ ಸಹಾಯ ಬೇಕಾ?’ ಎಂದು ಕೇಳುವ ಚಿಕ್ಕಪ್ಪ, ಸೋದರಮಾವ ಇದ್ದರೆ ಕಾಗದಪತ್ರದ ಓಡಾಟ ಅವರಿಗೆ ವಹಿಸಿ. ಅಂಗವೈಕಲ್ಯದ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40 ಅಥವಾ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಹತ್ತಿರದ ಶಾಲೆಯಾದರೂ ಸರಿ, ವಿಶೇಷ ಶಾಲೆಯಾದರೂ ಸರಿ. ಸರ್ಟಿಫಿಕೇಟ್ ಬರಲಿ, ಆಮೇಲೆ ಕಲಿಸೋಣ ಎಂದು ಮಾತ್ರ ಕೂರಬೇಡಿ. ಚಡ್ಡಿಗೆ ಸರ್ಟಿಫಿಕೇಟ್ ಬೇಕಿಲ್ಲ.

ಕ್ಯಾಲೆಂಡರ್ ಮುಂದೆ ಹೋಗದಿದ್ದರೆ

ಎರಡು ವಾರ ಬರೀ ‘ಕೈ, ಕೈ’ ಎಂದೇ ಇದ್ದರೆ ನಿಮ್ಮ ತುಂಡು ದೊಡ್ಡದಾಯಿತು ಎಂದರ್ಥ. ಇನ್ನೂ ಚಿಕ್ಕದು ಮಾಡಿ. ಹಾಗೆಯೇ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಥೈರಾಯ್ಡ್ ತೊಂದರೆ ಹೆಚ್ಚು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಕಲಿತಿದ್ದನ್ನು ಮಗು ಇದ್ದಕ್ಕಿದ್ದಂತೆ ಬಿಟ್ಟರೆ ಹಟ ಎಂದು ಬೈಯಬೇಡಿ, ಡಾಕ್ಟರ ಹತ್ತಿರ ಹೋಗಿ. ನೋವಿರಬಹುದು, ಫಿಟ್ಸ್ ಇರಬಹುದು. ಮಾತು, ಶ್ರವಣದ ವಿಷಯಕ್ಕೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಡವಳಿಕೆಯ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ.

ಈ ಹೊತ್ತಲ್ಲೇ ಯಾರೋ ನೆನಪಿನ ಶಕ್ತಿಯ ಟಾನಿಕ್ ಹೇಳುತ್ತಾರೆ, ಇನ್ನೊಬ್ಬರು ‘ಬ್ರೇನ್ ಆಕ್ಟಿವೇಶನ್’ ಕ್ಲಾಸು. ದುಡ್ಡು ದಂಡ. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ, ಹಾಕಿ ಬುದ್ಧಿ ಬೆಳೆಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಕೆಲವು ರಕ್ತ ಸಂಬಂಧಿ ಕಾಯಿಲೆ ಬಿಟ್ಟರೆ ಅದು ಮಾಮೂಲಿ ಚಿಕಿತ್ಸೆಯಲ್ಲ, ಪ್ರಯೋಗ ಮಾತ್ರ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಸಾಲ ಮಾಡಬೇಡಿ.

ಹಂತ 6: ಬೇರೆ ಚಡ್ಡಿ, ಬೇರೆ ಮನೆ

ಎಂಟೂ ತುಂಡು ಬಂದ ಮೇಲೆ ಪೈಜಾಮ, ಯೂನಿಫಾರ್ಮ್ ಪ್ಯಾಂಟು, ಅಜ್ಜಿ ಮನೆಯ ಬಚ್ಚಲು, ಎಲ್ಲ ಕಡೆ ಮಾಡಿಸಿ. ಪ್ರತಿ ಹೊಸ ಜಾಗದಲ್ಲೂ ಒಂದೆರಡು ಹಂತ ಹಿಂದೆ ಬೀಳುವುದು ಸಹಜ. ಹಿಂದು ಮುಂದು ಗೊತ್ತಾಗದಿದ್ದರೆ ಹಿಂಭಾಗದ ಪಟ್ಟಿಗೆ ಒಳಗಡೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ. ಯೂನಿಫಾರ್ಮಿಗೆ ಗುಂಡಿ ಇರಲೇಬೇಕು ಎಂದು ಶಾಲೆಯವರು ಹಟ ಹಿಡಿದರೆ ಟೈಲರ್ ಹತ್ತಿರ ಹೋಗಿ, ಗುಂಡಿಯನ್ನು ಮೇಲೆ ಕಾಣುವ ಹಾಗೆ ಹೊಲಿಸಿ, ಒಳಗೆ ವೆಲ್ಕ್ರೋ ಹಾಕಿಸಿ. ಮಗು ಕಕ್ಕಸಿನಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ, ಶಾಲೆಯವರಿಗೂ ತಕರಾರಿರುವುದಿಲ್ಲ.